ಕೂದಲೆಳೆಯ ಅಂತರ

ಪರೀಕ್ಷೆಯ ಫಲಿತಾಂಶಗಳು ಪ್ರಕಟವಾಗುವ ದಿನಗಳಲ್ಲಿ ಒಂದು ಮನೆಯಿಂದ ಪೇಢೆಯ ಡಬ್ಬಿ ಹೊರಬರುತ್ತದೆ; ಅದೇ ಓಣಿಯ ಇನ್ನೊಂದು ಮನೆಯಲ್ಲಿ ಕೋಣೆಯ ಬಾಗಿಲು ಮುಚ್ಚಿರುತ್ತದೆ. ಒಳಗೆ ಕುಳಿತ ಮಗನೋ ಮಗಳೋ ಅನುತ್ತೀರ್ಣರಾಗಿರುವುದಿಲ್ಲ. ಪಡೆದ ಅಂಕಗಳೂ ಹೀನಾಯವಲ್ಲ. ಆದರೆ ತಾವೇ ಇಟ್ಟುಕೊಂಡ ಗುರಿ ಮಾತ್ರ ಸ್ವಲ್ಪದರಲ್ಲಿ ಕೈತಪ್ಪಿದೆ. ಬಹುದೂರದಲ್ಲಿ ಸೋತವರ ದುಃಖ ಒಂದು ಬಗೆಯದಾದರೆ, ಸ್ವಲ್ಪದರಲ್ಲಿ ತಪ್ಪಿಸಿಕೊಂಡವರ ದುಃಖ ಇನ್ನೊಂದು ಬಗೆಯದು. ಆ ಒಂದು ಪ್ರಶ್ನೆಗೆ ಸರಿಯುತ್ತರ ಬರೆದಿದ್ದರೆ, ಆ ದಿನ ಜ್ವರ ಬಾರದೆ ಇದ್ದಿದ್ದರೆ ಎಂದು ಮನಸ್ಸು ಹಿಂದಕ್ಕೇ ಹೊರಳುತ್ತಿರುತ್ತದೆ.

ಇಂಥ ಅಂತರವನ್ನು ನಮ್ಮ ದೇಶದಲ್ಲಿ ಎಲ್ಲರೂ ಬಲ್ಲಂತೆ ಅನುಭವಿಸಿದವರು ಕೇರಳದ ಪಿ. ಟಿ. ಉಷಾ ಅವರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗಾಗಿ 400 ಮೀಟರ್ ಹರ್ಡಲ್ಸ್ ಓಟವನ್ನು ಮೊದಲ ಬಾರಿಗೆ ಏರ್ಪಡಿಸಲಾಗಿತ್ತು. ಆಗ ಉಷಾ ಅವರಿಗೆ 20 ವರ್ಷ. ಅಂತಿಮ ಓಟದಲ್ಲಿ ಮೊರಾಕ್ಕೋ ದೇಶದ ನವಾಲ್ ಎಲ್ ಮುತವಕಿಲ್ ಮೊದಲಿಗರಾದರು, ಅಮೆರಿಕದ ಜೂಡಿ ಬ್ರೌನ್ ಎರಡನೆಯವರಾದರು. ಮೂರನೆಯವರು ಯಾರೆಂಬುದನ್ನು ಛಾಯಾಚಿತ್ರದ ನೆರವಿನಿಂದಲೇ ನಿರ್ಣಯಿಸಬೇಕಾಯಿತು. ರುಮೇನಿಯಾದ ಓಟಗಾರ್ತಿ ತೆಗೆದುಕೊಂಡ ಸಮಯ 55.41 ಸೆಕೆಂಡು; ಉಷಾ ಅವರದು 55.42. ಒಂದು ಸೆಕೆಂಡನ್ನು ನೂರು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು! ಕಂಚಿನ ಪದಕ ಅಷ್ಟರಿಂದ ತಪ್ಪಿತು. ಕೊನೆಯ ಹೆಜ್ಜೆಯಲ್ಲಿ ಎದೆಯನ್ನು ಇನ್ನಷ್ಟು ಮುಂದಕ್ಕೆ ಚಾಚಬೇಕಾಗಿತ್ತು ಎಂದು ಅಂದಿನಿಂದ ಇಂದಿನವರೆಗೂ ಜನ ಹೇಳುತ್ತಲೇ ಬಂದಿದ್ದಾರೆ. ಹರ್ಡಲ್ಸ್ ಓಟವನ್ನು ಒಮ್ಮೆಯೂ ಕಣ್ಣಾರೆ ಕಾಣದವರೂ ಹೇಳುತ್ತಾರೆ.

ಆದರೆ ಅದೇ 55.42ನ್ನು ಇನ್ನೊಂದು ಅಳತೆಗೋಲಿನಿಂದಲೂ ನೋಡಬಹುದು. ಅಲ್ಲಿಯವರೆಗೆ ಭಾರತದ ಯಾವ ಮಹಿಳೆಯೂ ಆ ಓಟವನ್ನು ಅಷ್ಟು ಬೇಗ ಮುಗಿಸಿರಲಿಲ್ಲ. ಈ ರಾಷ್ಟ್ರೀಯ ದಾಖಲೆಯನ್ನು ಸರಿಗಟ್ಟಲು 39 ವರ್ಷಗಳೇ ಬೇಕಾದವು; 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ತಮಿಳುನಾಡಿನ ವಿತ್ಯಾ ರಾಮರಾಜ್ ಅಷ್ಟೇ ಸಮಯದಲ್ಲಿ ಓಡಿ ಅದರ ಸರಿಸಮಕ್ಕೆ ಬಂದರು. ಓಟ ಒಂದೇ, ಓಡಿದವರೂ ಒಬ್ಬರೇ. ಪದಕದ ಲೆಕ್ಕದಲ್ಲಿ ಅದು ತಪ್ಪಿದ ಗುರಿ. ಓಟದ ಲೆಕ್ಕದಲ್ಲಿ ಅವರ ಕೈಲಾದುದರ ಶಿಖರ.

ಕಣದಲ್ಲಿ ರಾಶಿ ಮಾಡಿದ ಜೋಳದ ತೂಕ ರೈತನ ದುಡಿಮೆಗೆ ಸೇರಿದ್ದು, ಪೇಟೆಯ ಧಾರಣೆ ಅವನ ಕೈಯಲ್ಲಿಲ್ಲ. ಇದು ನಮ್ಮ ಹಿರಿಯರೆಲ್ಲರಿಗೂ ತಿಳಿದ ಮಾತು. ಮಕ್ಕಳ ವಿಷಯ ಬಂದಾಗ ಮಾತ್ರ ಈ ವಿವೇಕ ನಮ್ಮನ್ನು ಬಿಟ್ಟುಹೋಗುತ್ತದೆ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯನ್ನೇ ನೋಡೋಣ. 2024ರಲ್ಲಿ ಅದಕ್ಕೆ ಹೆಸರು ನೋಂದಾಯಿಸಿದವರು ಸುಮಾರು 24 ಲಕ್ಷ ಮಂದಿ. ದೇಶದಲ್ಲಿದ್ದ ಎಂ.ಬಿ.ಬಿ.ಎಸ್. ಸ್ಥಾನಗಳು ಒಂದು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಅಂದರೆ ಒಂದು ಸ್ಥಾನಕ್ಕೆ 20ಕ್ಕೂ ಹೆಚ್ಚು ಮಂದಿ. ಎಲ್ಲರೂ ಹಗಲಿರುಳು ಓದಿದರೂ ಬಹುಮಂದಿಗೆ ಸ್ಥಾನ ದೊರೆಯಲಾರದು. ಆದುದರಿಂದ ಗುರಿ ತಪ್ಪಿದಾಗ, ಈ ಅಂತರದಲ್ಲಿ ಓದಿನ ಕೊರತೆ ಎಷ್ಟು, ಸ್ಥಾನಗಳ ಕೊರತೆ ಎಷ್ಟು ಎಂದು ಬೇರ್ಪಡಿಸಿ ನೋಡುವುದು ಹಿರಿಯರ ಮೊದಲ ಕೆಲಸವೆಂದು ನಾವು ಭಾವಿಸುತ್ತೇವೆ. ಮೊದಲನೆಯದಕ್ಕೆ ಉಪಾಯವುಂಟು. ಎರಡನೆಯದಕ್ಕಾಗಿ ಮಕ್ಕಳನ್ನು ನಿಂದಿಸುವುದು ಧಾರಣೆ ಕುಸಿದುದಕ್ಕಾಗಿ ಹೊಲವನ್ನು ಬೈದಂತೆ.

ಇನ್ನು ಸಾಂತ್ವನದ ಬಗೆಗೆ ಒಂದು ಮಾತು. ಫಲಿತಾಂಶ ಬಂದ ಸಂಜೆಯೇ 'ಆದದ್ದೆಲ್ಲ ಒಳ್ಳೆಯದಕ್ಕೇ' ಎನ್ನುವ ಬಂಧುಗಳು, ಅಂದಿನ ರಾತ್ರಿಯೇ 'ಇನ್ನೊಂದು ವರ್ಷ ಕೋಚಿಂಗ್‌ಗೆ ಕಳಿಸೋಣ' ಎನ್ನುವ ತಂದೆ, 'ಎರಡೆಕರೆ ಮಾರಿಯಾದರೂ ಸೀಟು ಕೊಡಿಸೋಣ' ಎನ್ನುವ ದೊಡ್ಡಪ್ಪ, ಇವರೆಲ್ಲರ ಉದ್ದೇಶ ಒಳ್ಳೆಯದೇ. ಆದರೆ ಅಳುವುದಕ್ಕೂ ಬಿಡುವು ಕೊಡದ ಸಾಂತ್ವನ ಇದು. 'ಬಾ ಮಗಾ, ಎರಡು ತುತ್ತು ಉಣ್ಣು' ಎಂದು ಬಾಗಿಲ ಬಳಿ ಬಂದು ಕರೆಯುವ ಅಜ್ಜಿಗೆ ಇವರೆಲ್ಲರಿಗಿಂತ ಹೆಚ್ಚು ತಿಳಿದಿದೆ.

ಮರುಯತ್ನದ ನಿರ್ಧಾರವನ್ನು ಹತ್ತು ದಿನ ತಡೆದು ಮಾಡಿದರೆ ಏನೂ ಕೆಡುವುದಿಲ್ಲ. ವರ್ಷವಿಡೀ ನಡೆದ ಅಭ್ಯಾಸ ಪರೀಕ್ಷೆಗಳ ಅಂಕಗಳನ್ನು ಮುಂದಿಟ್ಟುಕೊಂಡು ಕೂಡಿರಿ. ಅಲ್ಲಿ ಚೆನ್ನಾಗಿ ಬರೆದು ಅಂದು ಮಾತ್ರ ಎಡವಿದ್ದರೆ, ಅಥವಾ ಭೌತಶಾಸ್ತ್ರದಂಥ ಒಂದೇ ವಿಷಯ ಕೆಳಗೆಳೆದಿದ್ದರೆ, ಇನ್ನೊಂದು ವರ್ಷಕ್ಕೆ ಅರ್ಥವುಂಟು. ಎಲ್ಲ ವಿಷಯಗಳಲ್ಲಿಯೂ ವರ್ಷವಿಡೀ ಬಂದ ಅಂಕಗಳೇ ಅಂದೂ ಬಂದಿದ್ದರೆ ಅದೇ ದಾರಿಯಲ್ಲಿ ಮತ್ತೆ ನಡೆಸುವ ಮುನ್ನ ಮಕ್ಕಳನ್ನೇ ಕೇಳಬೇಕು: ನೀನು ಬಯಸಿದ್ದು ರೋಗಿಗಳ ಸೇವೆಯನ್ನೋ, ಹೆಸರಿನ ಮುಂದಿನ 'ಡಾ.' ಅನ್ನೋ? ಸೇವೆಯೇ ಆದರೆ ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ ಇವೆ. 'ಡಾ.' ಎಂಬುದು ಮಕ್ಕಳಿಗಿಂತ ನಮಗೇ ಹೆಚ್ಚು ಬೇಕಾಗಿತ್ತು ಎಂಬುದು ಕೆಲವು ಮನೆಗಳಲ್ಲಿ ಆಗ ಹೊರಬೀಳುವುದುಂಟು. ದ್ವಿತೀಯ ಪಿ.ಯು. ಅಂಕಗಳ ವಿಷಯವಾದರೆ ಚಿಂತೆ ಇನ್ನೂ ಕಡಿಮೆ. ಅದೇ ವರ್ಷ ಮತ್ತೆ ಬರೆದು ಅಂಕ ಉತ್ತಮಪಡಿಸಿಕೊಳ್ಳುವ ಅವಕಾಶವನ್ನು ನಮ್ಮ ರಾಜ್ಯದಲ್ಲಿ 2024ರಲ್ಲಿ ಕಲ್ಪಿಸಲಾಯಿತು.

ಉಷಾ ಅವರ ಕಥೆಯನ್ನು ಮಕ್ಕಳಿಗೆ ಹೇಳುವುದಾದರೆ ಪೂರ್ತಿಯಾಗಿ ಹೇಳಬೇಕು. 1985ರ ಜಕಾರ್ತಾ ಏಷ್ಯನ್ ಅಥ್ಲೆಟಿಕ್ಸ್‌ನಲ್ಲಿ 5 ಚಿನ್ನ, 1986ರ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ 4 ಚಿನ್ನ ಗೆದ್ದರೆಂದು ಹೇಳಿ ನಿಲ್ಲಿಸುವವರೇ ಹೆಚ್ಚು. 1988ರ ಒಲಿಂಪಿಕ್ಸ್‌ನಲ್ಲಿ, ಕಾಲಿನ ನೋವಿನಿಂದ ಬಳಲುತ್ತಿದ್ದ ಅವರು, ಅದೇ ಹರ್ಡಲ್ಸ್ ಓಟದ ಮೊದಲ ಸುತ್ತನ್ನೂ ದಾಟಲಿಲ್ಲ. ಒಲಿಂಪಿಕ್ ಪದಕ ಅವರಿಗೆ ಕೊನೆಗೂ ದೊರೆಯಲಿಲ್ಲ. ಛಲವಿದ್ದರೆ ಎಲ್ಲವೂ ದೊರೆಯುತ್ತದೆ ಎಂದು ಮಕ್ಕಳಿಗೆ ಹೇಳುವುದು ಅರ್ಧಸತ್ಯ. ಮುಂದೊಮ್ಮೆ ದೊರೆಯದಿದ್ದಾಗ ಅವರು ತಮ್ಮ ಛಲವನ್ನೇ ಶಂಕಿಸುತ್ತಾರೆ. 2002ರಲ್ಲಿ ಉಷಾ ಅವರು ಕೋಳಿಕ್ಕೋಡ್ ಜಿಲ್ಲೆಯಲ್ಲಿ ಓಟದ ಶಾಲೆಯನ್ನು ತೆರೆದರು. ಅಲ್ಲಿ ತರಬೇತಾದ ಟಿಂಟು ಲೂಕಾ ಅವರು 800 ಮೀಟರ್ ಓಟದಲ್ಲಿ ಒಲಿಂಪಿಕ್ಸ್‌ಗೆ ಹೋದರು.

ಮುಚ್ಚಿದ ಬಾಗಿಲು ದಿನಗಳು ಕಳೆದರೂ ತೆರೆಯದಿದ್ದರೆ, ಊಟ ನಿದ್ರೆಗಳು ತಪ್ಪಿದ್ದರೆ, ಬದುಕೇ ಬೇಡವೆಂಬ ಮಾತು ಒಮ್ಮೆಯಾದರೂ ಬಾಯಿಂದ ಬಂದಿದ್ದರೆ ಅದನ್ನು ಹುಡುಗಾಟವೆಂದು ತಳ್ಳಿಹಾಕಬಾರದು, ಒಬ್ಬರನ್ನೇ ಬಿಡಬಾರದು. ಕೇಂದ್ರ ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಯ ದೂರವಾಣಿ ಸಂಖ್ಯೆ 14416. ಹಗಲಿರುಳೂ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಕರೆ ಮಾಡುವವರು ಮಕ್ಕಳೇ ಆಗಬೇಕೆಂದಿಲ್ಲ, ತಂದೆತಾಯಿಗಳೂ ಮಾಡಬಹುದು.