ನರ ಸತ್ತಿಲ್ಲ, ಸುಮ್ಮನಾಗಿದೆ

2025ರ ಅಕ್ಟೋಬರ್‌ನಲ್ಲಿ ಒಂದು ಔಷಧದ ಬೆಲೆ ದೇಶದಾದ್ಯಂತ ಸುದ್ದಿಯಾಯಿತು. ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿ, ಅಂದರೆ ಎಸ್‌ಎಂಎ ಕಾಯಿಲೆಗೆ ಕೊಡುವ ರಿಸ್ಡಿಪ್ಲಾಮ್‌ನ ಒಂದು ಬಾಟಲಿಗೆ ರೋಶ್ ಕಂಪನಿಯ ಬೆಲೆ ₹6 ಲಕ್ಷ ದಾಟಿತ್ತು. ತಡೆ ಕೋರಿ ರೋಶ್ ಹೋರಾಡಿದರೂ ದೆಹಲಿ ಹೈಕೋರ್ಟ್, ಬಳಿಕ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಹೈದರಾಬಾದಿನ ನ್ಯಾಟ್ಕೊ ಕಂಪನಿ ಅದೇ ಔಷಧವನ್ನು ₹15,900ಕ್ಕೆ ತಂದಿತು.

ಎಸ್‌ಎಂಎ ಒಂದು ಮೋಟಾರ್ ನ್ಯೂರಾನ್ ಕಾಯಿಲೆ. ಸ್ಟೀಫನ್ ಹಾಕಿಂಗ್ ಅವರಿಗಿದ್ದ ಎಎಲ್‌ಎಸ್ ಇದೇ ಬಳಗದ್ದು. ಅದು ಹೆಚ್ಚಾಗಿ ದೊಡ್ಡವರಿಗೆ ಬಂದರೆ, ಎಸ್‌ಎಂಎ ಹೆಚ್ಚಾಗಿ ಮಕ್ಕಳಲ್ಲೇ ಕಾಣಿಸಿಕೊಳ್ಳುತ್ತದೆ. ಬೆನ್ನುಹುರಿಯಲ್ಲಿರುವ, ಸ್ನಾಯುಗಳಿಗೆ ಆಜ್ಞೆ ಕೊಡುವ ನರಕೋಶಗಳು ಸಾಯುತ್ತವೆ, ಸ್ನಾಯು ಸೊರಗುತ್ತದೆ. ಇಷ್ಟೇ ಕಥೆ ಎಂದು ಬಹಳ ಕಾಲ ನಂಬಲಾಗಿತ್ತು.

ಬನಹಟ್ಟಿಯಲ್ಲಿ ಪವರ್‌ಲೂಮ್‌ಗಳ ನಡುವೆ ಉಳಿದಿರುವ ಕೈಮಗ್ಗದ ನೇಕಾರರನ್ನು ಗಮನಿಸಿ. ಕಣ್ಣು ನೂಲಿನ ಮೇಲೆ, ಕೈ ಲಾಳಿಯ ಹಗ್ಗದ ಮೇಲೆ. ಕುಣಿಯೊಳಗಿನ ಕಾಲು ಮಾತ್ರ ತುಳಿಯಬೇಕಾದ ಹಲಗೆಯನ್ನೇ ತುಳಿಯುತ್ತದೆ, ಯಾರೂ ಬಗ್ಗಿ ನೋಡುವುದಿಲ್ಲ. ಸ್ನಾಯುಗಳೊಳಗೆ ಸ್ಪಿಂಡಲ್ ಎಂಬ ಪುಟ್ಟ ಸೆನ್ಸರ್‌ಗಳಿವೆ. ಸ್ನಾಯು ಎಷ್ಟು ಹಿಗ್ಗಿದೆ ಎಂಬ ಲೆಕ್ಕವನ್ನು ಅವು ಆಜ್ಞೆ ಕೊಡುವ ನರಕೋಶಕ್ಕೇ ನೇರವಾಗಿ ತಲುಪಿಸುತ್ತವೆ. ನಮ್ಮ ಬಿಇ ಸಿಲಬಸ್‌ನ ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಫೀಡ್‌ಬ್ಯಾಕ್ ಎಂದರೆ ಸಾಕು. (ಆ ಪೇಪರ್‌ನಲ್ಲಿ ಎಲ್ಲರೂ ಒದ್ದಾಡುವ ಭಾಗವೂ ಅದೇ.)

ಎಸ್‌ಎಂಎ ಇರುವ ಇಲಿಗಳಲ್ಲಿ ಮೊದಲು ಕೆಡುವುದು ಈ ಫೀಡ್‌ಬ್ಯಾಕ್ ತಂತಿ ಎಂದು 2011ರಲ್ಲಿ ಸಂಶೋಧಕರು ತೋರಿಸಿದರು. ನರಕೋಶಗಳು ಸಾಯುವ ಮುಂಚೆಯೇ ಅವುಗಳಿಗೆ ಸ್ಪಿಂಡಲ್‌ಗಳಿಂದ ಬರುವ ಕೊಂಡಿಗಳು ಕಳಚುತ್ತಿದ್ದವು. 2017ರಲ್ಲಿ ಇನ್ನೊಂದು ಹೆಜ್ಜೆ: ಒಳಬರುವ ಸಂಕೇತ ಕಡಿಮೆಯಾದಾಗ ಜೀವಂತ ನರಕೋಶವೂ ಸಂಕೇತ ಕಳುಹಿಸುವುದನ್ನು ತಗ್ಗಿಸಿಬಿಡುತ್ತದೆ. ಅಂದರೆ ಕಾಲು ಏಳದಿರುವುದಕ್ಕೆ ಸತ್ತ ನರಗಳಷ್ಟೇ ಅಲ್ಲ, ಸುಮ್ಮನಾದ ನರಗಳೂ ಕಾರಣ.

ಈ ಮಾತಿಗೆ ಮನುಷ್ಯರಲ್ಲಿ ಮೊದಲ ಪರೀಕ್ಷೆ ನಡೆದದ್ದು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ. ಎಸ್‌ಎಂಎ ಇರುವ ಮೂವರು ವಯಸ್ಕರ ಬೆನ್ನುಹುರಿಯ ಬಳಿ ವಿದ್ಯುದ್ವಾರಗಳನ್ನಿಟ್ಟು, ಸಂವೇದನೆಯ ನರಗಳಿಗೆ ಸುಮಾರು ಒಂದು ತಿಂಗಳು ಸಣ್ಣ ವಿದ್ಯುತ್ ಕೊಟ್ಟರು. ಕಾಲಿನ ಬಲ ಹೆಚ್ಚಿತು, ಆರು ನಿಮಿಷದಲ್ಲಿ ನಡೆಯುವ ದೂರವೂ ಹೆಚ್ಚಿತು. 2025ರ ಫೆಬ್ರುವರಿಯಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಇದ್ದವರು ಮೂವರೇ. ಇದನ್ನು ಚಿಕಿತ್ಸೆ ಎಂದು ಕರೆಯುವುದು ಅವಸರ. ಎಎಲ್‌ಎಸ್‌ನಲ್ಲೂ ಹೀಗೇ ಆಗುತ್ತದೆಯೇ ಎಂಬುದು ಇನ್ನೂ ವಾದದಲ್ಲಿದೆ. ಆದರೆ ‘ನರಾನ ಸತ್ತ ಮ್ಯಾಲೆ ಇನ್ನೇನೈತಿ’ ಎಂದು ಕೈಚೆಲ್ಲಿ ಫಿಜಿಯೊಥೆರಪಿ ಬಿಡಿಸುವ ಮಾತಿಗೆ ಈಗ ಆಧಾರವಿಲ್ಲ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗೆ ಇದರಿಂದೇನು ಎನ್ನಬಹುದು. ನಮ್ಮ ಕಡೆ ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆಯ ಮನೆಗೆ ಕೊಡುವುದು ಇನ್ನೂ ನಡೆದಿದೆ. ಹೊಲ ಹೊರಗೆ ಹೋಗಬಾರದೆಂಬ ಲೆಕ್ಕವೂ ಅದರಲ್ಲಿದೆ. ಎಸ್‌ಎಂಎ ಜೀನ್‌ನ ದೋಷವನ್ನು ಒಂದೇ ಪ್ರತಿಯಲ್ಲಿ ಹೊತ್ತವರಿಗೆ ಏನೂ ಆಗದು. ಸುಮಾರು 40–50 ಜನರಲ್ಲಿ ಒಬ್ಬರು ಹೀಗಿರುತ್ತಾರೆ. ಗಂಡ ಹೆಂಡತಿ ಇಬ್ಬರಲ್ಲೂ ಅದಿದ್ದರೆ ಪ್ರತಿ ಗರ್ಭದಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ 25. ರಕ್ತಸಂಬಂಧದ ಮದುವೆಯಲ್ಲಿ ಇಬ್ಬರೂ ಒಂದೇ ದೋಷ ಹೊತ್ತಿರುವ ಸಂಭವ ಹೆಚ್ಚು. ಹಾಗೆಂದು ಹೊರಗಿನ ಸಂಬಂಧವಾದರೆ ಭಯವೇ ಇಲ್ಲ ಎಂದಲ್ಲ.

ಇನ್ನು ದುಡ್ಡು. 20 ಕೆ.ಜಿ. ದಾಟಿದ ಮಗುವಿಗೆ ದಿನಕ್ಕೆ 5 ಮಿ.ಗ್ರಾಂ. ಔಷಧ ಬೇಕು, 60 ಮಿ.ಗ್ರಾಂ. ಬಾಟಲಿ 12 ದಿನಕ್ಕೆ ಖಾಲಿ. ವರ್ಷಕ್ಕೆ 30 ಬಾಟಲಿ, ಹೊಸ ಬೆಲೆಯಲ್ಲೇ ₹4.77 ಲಕ್ಷ. ಮಗ್ಗದ ಕೂಲಿಯಲ್ಲಿ, ಕಬ್ಬು ಕಡಿಯುವ ಕೂಲಿಯಲ್ಲಿ ಇದು ಆಗದ ಮಾತು. ಕೇಂದ್ರದ 2021ರ ಅಪರೂಪದ ಕಾಯಿಲೆಗಳ ನೀತಿಯಡಿ ಒಬ್ಬರಿಗೆ ₹50 ಲಕ್ಷದವರೆಗೆ ನೆರವಿದೆ. ಹಳೆಯ ಬೆಲೆಯಲ್ಲಿ ಅದು ಮೂರು ತಿಂಗಳಿಗೆ ಮುಗಿಯುತ್ತಿತ್ತು, ಈಗ ಹತ್ತು ವರ್ಷ ಬರುತ್ತದೆ. ಬೆಲೆ ಇಳಿದದ್ದರ ನಿಜವಾದ ಅರ್ಥ ಇದು.

ಆದರೆ ಔಷಧ ಬೇಗ ಶುರುವಾದಷ್ಟೂ ಗುಣ ಹೆಚ್ಚು. ಕೂಸಿನ ಕುತ್ತಿಗೆ ನಿಲ್ಲದಿದ್ದರೆ ‘ತಡವಾಗಿ ನಿಲ್ತದ ಬಿಡ್ರಿ’ ಎಂದು ತಿಂಗಳುಗಳನ್ನು ಕಳೆಯುತ್ತೇವೆ. ಆ ನೀತಿಯಡಿ ಕರ್ನಾಟಕದ ಕೇಂದ್ರ ಇರುವುದು ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯಲ್ಲಿ. ಇಲ್ಲಿಂದ ಸುಮಾರು 500 ಕಿ.ಮೀ. ಮಗುವನ್ನು ಎತ್ತಿಕೊಂಡು ರಾತ್ರಿ ಬಸ್ ಹತ್ತುವ ಮುಂಚೆ, ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲೇ ರಕ್ತ ತೆಗೆದು ಅಲ್ಲಿಗೆ ಕಳುಹಿಸಬಹುದು. ಜೀನ್ ಪರೀಕ್ಷೆಗೆ ಬೇಕಾಗುವುದು ಕೆಲವೇ ಮಿ.ಲೀ. ರಕ್ತ.