ಮೂರು ಗಾಲಿಯ ಮೇಲೆ ಒರಗಿ ಕೂತವರ ಪರವಾಗಿ

ವರ್ಕ್‌ಶಾಪ್ ಹಿಂದಿನ ಶೆಡ್ಡಿನಲ್ಲಿ ಟಾರ್ಪಾಲ್ ಹೊದ್ದು ನಿಂತಿರುವ ಮೂರು ಗಾಲಿಯ ಗಾಡಿಯನ್ನು ಗುಜರಿಗೆ ಹಾಕಬೇಕು ಅನ್ನೋ ಮಾತು ಈ ಸೆಮಿಸ್ಟರಿನಲ್ಲಿ ಎರಡು ಸಲ ಬಂತು. ಕಾಂಪಿಟಿಷನ್ ಮುಗಿದು, ಕಟ್ಟಿದ ಸೀನಿಯರ್‌ಗಳು ಪಾಸಾಗಿ ಹೋದ ಮೇಲೆ ಅದನ್ನು ಮುಟ್ಟಿದವರು ಕಡಿಮೆ. ಶೆಡ್ಡಿನಲ್ಲಿ ಜಾಗ ಬೇಕು, ಅದೂ ನಿಜ. ಅದನ್ನು ಮಾರಿ, ಮೇಲೆ ಒಂದಷ್ಟು ದುಡ್ಡು ಕೂಡಿಸಿ ಒಳ್ಳೇ ರೋಡ್ ಬೈಕ್ ತಗೊಂಡರೆ ನಾಲ್ಕು ಜನ ಓಡಿಸ್ತಾರೆ ಅಂತ ಸೈಕ್ಲಿಂಗ್ ಗೆಳೆಯರ ವಾದ. ನಾವು, ಅಂದ್ರೆ ಕೆಲವು ತಿಂಗಳಿಂದ ಆ ಗಾಡಿಗೆ ಗ್ರೀಸ್ ಹಚ್ಚಿ ಸಂಜೆ ಹೊತ್ತು ಓಡಿಸುತ್ತಿರುವ ಮೂರ್ನಾಲ್ಕು ಜನ, ಇದನ್ನು ಒಪ್ಪೋದಿಲ್ಲ. ನಮ್ಮಲ್ಲೇ ಇಬ್ಬರ ಹತ್ತಿರ ರೋಡ್ ಬೈಕ್ ಇದೆ. ಹಾಗಾಗಿ ಇದನ್ನು ಮನೆಯೊಳಗಿನ ಜಗಳ ಅಂತಲೇ ಓದಿಕೊಳ್ಳಿ.

ಮೊದಲು ಹೆಸರಿನ ವಿಷಯ. ರಿಕಂಬೆಂಟ್ ಟ್ರೈಕ್ ಅಂದ್ರೆ ಕುರ್ಚಿಯಂಥ ಸೀಟಿನಲ್ಲಿ ಹಿಂದಕ್ಕೆ ಒರಗಿ, ಕಾಲು ಮುಂದೆ ಚಾಚಿ ತುಳಿಯುವ ಮೂರು ಗಾಲಿಯ ಸೈಕಲ್. ಮುಂದೆ ಎರಡು ಗಾಲಿ, ಹಿಂದೆ ಒಂದಿದ್ದರೆ ಟ್ಯಾಡ್‌ಪೋಲ್. ಮುಂದೆ ಒಂದು, ಹಿಂದೆ ಎರಡಿದ್ದರೆ ಡೆಲ್ಟಾ. ನಮ್ಮದು ಟ್ಯಾಡ್‌ಪೋಲ್. ಕನ್ನಡ ಬಳಗದವರಾಗಿ ಇದಕ್ಕೊಂದು ಹೆಸರಿಡದಿದ್ದರೆ ಹೇಗೆ ಅಂತ ನಾವು 'ಒರಗುಗಾಡಿ' ಅಂತೀವಿ. ನಿಘಂಟಿನಲ್ಲಿ ಹುಡುಕಬೇಡಿ, ಸಿಗೋದಿಲ್ಲ.

ರೋಡ್ ಬೈಕೇ 'ನಿಜವಾದ' ಸೈಕಲ್, ಉಳಿದದ್ದೆಲ್ಲ ಆಟಿಕೆ ಅನ್ನೋ ಭಾವನೆ ಎಲ್ಲಿಂದ ಬಂತು? ಬಹುಪಾಲು ಒಂದು ನಿಯಮದಿಂದ. ಫ್ರಾನ್ಸಿನ ಚಾರ್ಲ್ಸ್ ಮೋಶೆ ಎಂಬಾತ ನಾಲ್ಕು ಗಾಲಿಯ ಪೆಡಲ್ ಕಾರು ಕಟ್ಟುತ್ತಿದ್ದ. ಅದು ವೇಗವಾಗಿ ಹೋಗುತ್ತಿತ್ತು, ತಿರುವಿನಲ್ಲಿ ಮಾತ್ರ ತೊಂದರೆ ಕೊಡುತ್ತಿತ್ತು. ಆಮೇಲೆ ಅದೇ ಒರಗಿ ಕೂರುವ ಭಂಗಿಯಲ್ಲಿ ಎರಡು ಗಾಲಿಯದ್ದನ್ನು ಮಾಡಿದ. 1933ರ ಜುಲೈನಲ್ಲಿ ಫ್ರಾನ್ಸಿಸ್ ಫೋರ್ ಎಂಬ ಸವಾರ ಪ್ಯಾರಿಸ್ಸಿನಲ್ಲಿ ಅದರ ಮೇಲೆ ಒಂದು ಗಂಟೆಯಲ್ಲಿ 45.055 ಕಿ.ಮೀ. ಹೋದ. ಆಸ್ಕರ್ ಎಗ್ 1914ರಲ್ಲಿ ಮಾಡಿದ್ದ 44.247 ಕಿ.ಮೀ. ದಾಖಲೆ ಅಲ್ಲಿವರೆಗೆ ಗಟ್ಟಿಯಾಗಿ ನಿಂತಿತ್ತು. ಫೋರ್ ಆ ಕಾಲದ ಮೊದಲ ಸಾಲಿನ ಸವಾರನೇನಲ್ಲ. ಇದೇ ದೊಡ್ಡ ತಲೆನೋವಾಯಿತು. ಗೆದ್ದದ್ದು ಕಾಲೋ ಗಾಡಿಯೋ ಅನ್ನೋ ಪ್ರಶ್ನೆ ಎದ್ದು, 1934ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ, ರೇಸಿನ ಸೈಕಲ್ ಅಂದರೆ ಹೇಗಿರಬೇಕು ಅಂತ ಅಳತೆ ಹಾಕಿ ಒರಗುಗಾಡಿಗಳನ್ನು ಹೊರಗಿಟ್ಟಿತು. ಕ್ರೀಡೆಗೆ ನಿಯಮ ಬೇಕು, ತಕರಾರಿಲ್ಲ. ಆದರೆ ರೇಸಿನ ನಿಯಮ ಪುಸ್ತಕ ಹಾಸ್ಟೆಲ್ಲಿನಿಂದ ಲೈಬ್ರರಿಗೆ ಹೋಗುವವರ ಸೈಕಲ್ ಹೇಗಿರಬೇಕು ಅಂತಲೂ ಹೇಳಬೇಕಾ?

ನಿಯಮದ ಹೊರಗೆ ಇಂಜಿನಿಯರ್‌ಗಳಿಗೆ ಕೈ ಬಿಟ್ಟರೆ ಏನಾಗುತ್ತೆ ಅನ್ನೋದಕ್ಕೆ ಟೊರಾಂಟೋದ ಏರೋವೆಲೋ ತಂಡ ಸಾಕ್ಷಿ. ಕಾಲಿನಿಂದ ತುಳಿದು ಹಾರಿಸುವ ಹೆಲಿಕಾಪ್ಟರ್ ಮಾಡಿ 2013ರಲ್ಲಿ ಸಿಕೋರ್ಸ್ಕಿ ಬಹುಮಾನ ಗೆದ್ದವರು ಇವರೇ. 2016ರಲ್ಲಿ ಇವರ 'ಈಟಾ', ನೆವಾಡದ ಬ್ಯಾಟಲ್ ಮೌಂಟನ್ ಬಳಿಯ ಸಮತಟ್ಟಾದ ಹೆದ್ದಾರಿಯಲ್ಲಿ ಗಂಟೆಗೆ 144 ಕಿ.ಮೀ. ದಾಟಿತು. ಎರಡು ಗಾಲಿಯ, ಪೂರ್ತಿ ಮುಚ್ಚಿದ ಮೊಟ್ಟೆಯಂಥ ಒರಗುಗಾಡಿ ಅದು. ನಮ್ಮ ಶೆಡ್ಡಿನ ಗಾಡಿಗೂ ಅದಕ್ಕೂ ದೂರದ ನೆಂಟಸ್ತಿಕೆ ಅಷ್ಟೇ. ಆ 144ನ್ನು ನಮ್ಮ ವಾದಕ್ಕೆ ಕಡ ತರೋದು ಸರಿಯಲ್ಲ.

ಹಾಗಾಗಿ ನಮ್ಮದೇ ಲೆಕ್ಕಕ್ಕೆ ಬರೋಣ. ಸಮತಟ್ಟು ರಸ್ತೆಯಲ್ಲಿ ಜೋರಾಗಿ ಹೋಗುವಾಗ ದೊಡ್ಡ ಶತ್ರು ಗಾಳಿ. ಗಾಳಿಯ ವಿರುದ್ಧ ಬೇಕಾಗುವ ಶಕ್ತಿ ವೇಗದ ಘನದಂತೆ ಏರುತ್ತದೆ; 20ರಿಂದ 30 ಕಿ.ಮೀ.ಗೆ ಹೋದರೆ ಮೂರು ಪಟ್ಟಿಗೂ ಹೆಚ್ಚು. ಒರಗಿ ಕೂತಾಗ ಎದೆ ಗಾಳಿಗೆ ಅಡ್ಡ ನಿಲ್ಲೋದಿಲ್ಲ, ಅದು ಲಾಭ. ಆದರೆ ಮೂರನೇ ಗಾಲಿ, ಅಗಲ, ಮೂರು ಟೈರಿನ ಘರ್ಷಣೆ ಸೇರಿ ಆ ಲಾಭವನ್ನು ತಿಂದುಹಾಕುತ್ತವೆ. ನಮ್ಮ ಗಾಡಿ ಸಮತಟ್ಟಿನಲ್ಲಿ ರೋಡ್ ಬೈಕಿನ ಹಿಂದೆಯೇ. ಏರಿನಲ್ಲಂತೂ ಕೇಳಲೇಬೇಡಿ. ನಮ್ಮ ಗಾಡಿ 24 ಕೆ.ಜಿ., ಗೆಳೆಯನ ರೋಡ್ ಬೈಕ್ 9. ಸವಾರ 65 ಕೆ.ಜಿ., ಗಾಲಿಗೆ 150 ವಾಟ್, 7 ಶೇಕಡಾ ಏರು ಅಂತ ಹಿಡಿದು, ಘರ್ಷಣೆ ಬಿಟ್ಟು ಲೆಕ್ಕ ಹಾಕಿದರೆ ಬೈಕಿಗೆ ಗಂಟೆಗೆ 10.6 ಕಿ.ಮೀ., ಒರಗುಗಾಡಿಗೆ 8.8. ಬೈಕಿಗೆ ಒಂದು ಗಂಟೆ ಹಿಡಿಯುವ ಏರು ನಮಗೆ 72 ನಿಮಿಷ. ಮೇಲಾಗಿ ಎದ್ದು ನಿಂತು ತುಳಿಯುವ ಸೌಕರ್ಯ ಇಲ್ಲ. ಸೀಟಿಗೆ ಬೆನ್ನು ಒತ್ತಿ ತುಳಿಯಬಹುದು, ಆದರೆ ಭಾರಿ ಗೇರಿನಲ್ಲಿ ಹಾಗೆ ಒತ್ತಿದರೆ ಮಂಡಿಗೆ ಪೆಟ್ಟು. ಹಗುರ ಗೇರಿನಲ್ಲಿ ತಿರುಗಿಸುತ್ತಾ ಹೋಗಬೇಕು.

ಇಷ್ಟಾದರೂ ಏರಿನಲ್ಲಿ ಒಂದು ವಿಷಯ ನಮ್ಮನ್ನು ಮರುಳು ಮಾಡಿದೆ. ಬೈಕಿನಲ್ಲಿ 4 ಕಿ.ಮೀ. ವೇಗಕ್ಕೆ ಇಳಿದರೆ ಹ್ಯಾಂಡಲ್ ಹಾವಿನಂತೆ ಆಡುತ್ತೆ, ಇನ್ನೂ ಇಳಿದರೆ ಕಾಲು ಊರಲೇಬೇಕು. ಒರಗುಗಾಡಿಯಲ್ಲಿ ನಡಿಗೆಗಿಂತ ನಿಧಾನಕ್ಕೆ ಹೋಗಿ. ಏರಿನ ಮಧ್ಯೆ ನಿಲ್ಲಿ. ಪಾರ್ಕಿಂಗ್ ಬ್ರೇಕ್ ಹಾಕಿ ನೀರು ಕುಡಿದು, ಮತ್ತೆ ಅಲ್ಲಿಂದಲೇ ಶುರು ಮಾಡಿ. ಬೀಳುವ ಪ್ರಶ್ನೆಯೇ ಇಲ್ಲ.

ಬೀಳುವ ಪ್ರಶ್ನೆ ಇರೋದು ತಿರುವಿನಲ್ಲಿ. ಬೈಕ್ ವಾಲುತ್ತದೆ, ಟ್ರೈಕ್ ವಾಲೋದಿಲ್ಲ. ಕೆಒಎಂ ಪೇಪರಿಗೆ ಆಕರ್ಮನ್ ಸ್ಟಿಯರಿಂಗ್ ಚಿತ್ರ ಬಾಯಿಪಾಠ ಮಾಡಿದವರು ಒಮ್ಮೆ ಇದರ ನಕಲ್ ಮತ್ತು ಟೈ ರಾಡ್ ನೋಡಬೇಕು. ಹತ್ತು ಮಾರ್ಕಿನ ಉತ್ತರ ಕಣ್ಣೆದುರು ತಿರುಗುತ್ತದೆ. ಕಿಂಗ್‌ಪಿನ್ನನ್ನು ಓರೆ ಮಾಡಿ, ಅದರ ಗೆರೆ ಟೈರು ನೆಲ ಮುಟ್ಟುವ ಜಾಗಕ್ಕೇ ಬೀಳುವ ಹಾಗೆ ಸೀನಿಯರ್‌ಗಳು ಕೂರಿಸಿದ್ದಾರೆ. ಅದಕ್ಕೇ ಒಂದೇ ಗಾಲಿಯ ಬ್ರೇಕ್ ಹಿಡಿದರೂ ಗಾಡಿ ಹೆಚ್ಚೇನೂ ಪಕ್ಕಕ್ಕೆ ಎಳೆಯೋದಿಲ್ಲ. ಇಷ್ಟು ಕೆಲಸವನ್ನು ಗುಜರಿಗೆ ಕೆ.ಜಿ. ಲೆಕ್ಕದಲ್ಲಿ ಕೊಡ್ತೀರಾ?

ಇನ್ನು ಮಗುಚುವ ಲೆಕ್ಕ. ಮುಂದಿನ ಗಾಲಿಗಳ ನಡುವೆ 76 ಸೆಂ.ಮೀ., ಭಾರದ 65 ಶೇಕಡಾ ಮುಂದೆ, ಸವಾರನನ್ನೂ ಸೇರಿಸಿ ಗುರುತ್ವ ಕೇಂದ್ರ ನೆಲದಿಂದ ಸುಮಾರು 42 ಸೆಂ.ಮೀ. ಹಾಗಿದ್ದರೆ 10 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ ಸುಮಾರು 27 ಕಿ.ಮೀ. ಮುಟ್ಟಿದಾಗ ಒಳಗಿನ ಗಾಲಿ ಏಳಬೇಕು. ಅದೇ ತಿರುವಿಗೆ ಬೈಕ್ 30 ಡಿಗ್ರಿಯಷ್ಟು ವಾಲಿದರೆ ಸಾಕು. ಟ್ರೈಕಿನಲ್ಲಿ ಮೈಯನ್ನು ಒಳಕ್ಕೆ ಬಾಗಿಸಬೇಕು, ಸೈಡ್‌ಕಾರಿನವರ ಹಾಗೆ. ಟ್ಯಾಡ್‌ಪೋಲಿನಲ್ಲಿ ಭಾರ ಹಿಂದಕ್ಕೆ ಸರಿದಷ್ಟೂ ಮಗುಚೋದು ಸುಲಭ. ಹಿಂದೆ ಕ್ಯಾರಿಯರ್ ಮೇಲೆ ಬ್ಯಾಗು ಹೇರಿಕೊಂಡು ಆಡಿಟೋರಿಯಂ ಸರ್ಕಲ್ಲಿನಲ್ಲಿ ಹೀರೋಗಿರಿ ಮಾಡಬೇಡಿ ಅಂತ ನಾವು ಹೇಳೋದು ಇದಕ್ಕೇ.

ನಮ್ಮ ರಸ್ತೆಗಳು ಈ ಗಾಡಿಗೆ ಹೇಳಿ ಮಾಡಿಸಿದ್ದಲ್ಲ, ಒಪ್ಕೋತೀವಿ. ಬೈಕಿಗೆ ನೆಲದ ಮೇಲೆ ಒಂದೇ ಗೆರೆ, ಗುಂಡಿ ಬಂದರೆ ಪಕ್ಕಕ್ಕೆ ಸರಿಸಿದರೆ ಆಯ್ತು. ಟ್ಯಾಡ್‌ಪೋಲಿಗೆ ಮೂರು ಗೆರೆ. ಮುಂದಿನ ಎರಡು ಗಾಲಿಯ ನಡುವೆ ಗುಂಡಿಯನ್ನು ಚೆಂದಾಗಿ ದಾಟಿಸಿದೆವು ಅಂತ ಖುಷಿ ಪಡೋ ಹೊತ್ತಿಗೆ ಹಿಂದಿನದು ಸರಿಯಾಗಿ ಅದರೊಳಗೇ ಇಳಿಯುತ್ತೆ. ಹಂಪುಗಳಲ್ಲಿ ಹೊಟ್ಟೆ ಉಜ್ಜುತ್ತೆ. ಕಾರಿನ ಬಾಗಿಲ ಎತ್ತರಕ್ಕೆ ನಮ್ಮ ತಲೆ, ಬಸ್ಸಿನ ಡ್ರೈವರಿಗೆ ಕಾಣಲಿ ಅಂತ ಎತ್ತರದ ಕೋಲಿಗೆ ಬಾವುಟ ಕಟ್ಟಬೇಕು. ಬೀದಿನಾಯಿಯ ಮುಖಕ್ಕೂ ನಮ್ಮ ಮುಖಕ್ಕೂ ಹೆಚ್ಚು ಅಂತರ ಇರೋದಿಲ್ಲ; ಅವಕ್ಕೂ ಇದು ಹೊಸ ಅನುಭವವೇ. ಪೆಡಲಿನಿಂದ ಪಾದ ಜಾರಿ ನೆಲಕ್ಕೆ ತಾಗಿದರೆ ಗಾಡಿ ಅದೇ ಕಾಲಿನ ಮೇಲೆ ಹತ್ತಬಹುದು, ಆದ್ದರಿಂದ ಪಾದವನ್ನು ಪೆಡಲಿಗೆ ಪಟ್ಟಿಯಿಂದ ಕಟ್ಟದೆ ಯಾರನ್ನೂ ನಾವು ಕೂರಿಸೋದಿಲ್ಲ. ಇದೊಂದು ವಿಷಯದಲ್ಲಿ ತಮಾಷೆ ಇಲ್ಲ.

ಹಾಗಾದ್ರೆ ಯಾಕೆ ಉಳಿಸಿಕೊಳ್ಳಬೇಕು?

ನಮ್ಮ ಬ್ಯಾಚಿನಲ್ಲಿ ಒಬ್ಬಳು ಗೆಳತಿ ಇದ್ದಾಳೆ. ಚಿಕ್ಕಂದಿನಿಂದ ಎಡಗಾಲಿಗೆ ಶಕ್ತಿ ಕಡಿಮೆ. ಅವಳಿಗೆ ತುಳಿಯೋದು ಕಷ್ಟವಲ್ಲ, ನಿಲ್ಲಿಸುವಾಗ ಕಾಲೂರೋದು ಕಷ್ಟ. ಅವಳ ಅಣ್ಣ ತಮ್ಮಂದಿರೆಲ್ಲ ಬಾಡಿಗೆ ಸೈಕಲ್ಲಿನಲ್ಲಿ ಒಳಗಾಲು ಹಾಕಿ ಕಲಿತರು, ಇವಳು ಕಟ್ಟೆ ಮೇಲೆ ಕೂತು ನೋಡಿದಳು. ಒರಗುಗಾಡಿಯ ಸೀಟಿನಲ್ಲಿ ಕೂರಿಸಿ, ಬೂಮನ್ನು ಒಳಕ್ಕೆ ಎಳೆದು ಅವಳ ಕಾಲಳತೆಗೆ ಸರಿ ಮಾಡಿ, ಎಡಪಾದಕ್ಕೆ ಹಿಮ್ಮಡಿ ಆಧಾರ ಕಟ್ಟಿಕೊಟ್ಟೆವು. ಮೊದಲ ದಿನವೇ ಒಬ್ಬಳೇ ಎರಡು ಸುತ್ತು ಹೊಡೆದಳು. ಈಗ ವಾರಕ್ಕೆ ಮೂರು ದಿನ ಸಂಜೆ ಅವಳದೇ ಸರದಿ. ರೋಡ್ ಬೈಕ್ ಬಂದರೆ ಈಗಾಗಲೇ ಸೈಕಲ್ ಇರುವವರಿಗೆ ಇನ್ನೊಂದು ಸೈಕಲ್ ಸಿಗುತ್ತೆ. ಇವಳಿಗೆ ಇರೋದು ಇದೊಂದೇ.

ಜರ್ಮನಿಯ ಹಾಸೆ, ಎಚ್‌ಪಿ ವೆಲೋಟೆಕ್ನಿಕ್, ಇಂಗ್ಲೆಂಡಿನ ಐಸ್‌ನಂಥ ಕಂಪನಿಗಳು ಈ ಕೆಲಸವನ್ನೇ ಗಂಭೀರವಾಗಿ ಮಾಡುತ್ತವೆ: ಒಂದೇ ಕೈಯಲ್ಲಿ ಎರಡೂ ಬ್ರೇಕ್, ಗಿಡ್ಡ ಕ್ರ್ಯಾಂಕ್, ಪಾದಕ್ಕೆ ಆಧಾರ. ಅವನ್ನು ತರಿಸಿದರೆ ಬೆಲೆ ಲಕ್ಷಗಟ್ಟಲೆ. ನಮ್ಮ ಹತ್ತಿರ ಕಟ್ಟಿದ ಗಾಡಿಯೇ ಇದೆ, ಲೇತ್ ಇದೆ, ವೆಲ್ಡಿಂಗ್ ಗೊತ್ತಿರುವ ಅಣ್ಣ ಇದ್ದಾರೆ. ಟೈರು 20 ಇಂಚಿನದು, ಮಕ್ಕಳ ಸೈಕಲ್ಲಿನ ಟ್ಯೂಬು ಗೇಟಿನ ಮುಂದಿನ ಪಂಕ್ಚರ್ ಅಂಗಡಿಯಲ್ಲೇ ಸಿಗುತ್ತೆ.

ಇನ್ನೊಂದು ಮಾತು ಹೇಳದೆ ಬಿಡೋದಿಲ್ಲ. ಗಾಡಿ ಹೊರಗೆ ತಂದಾಗ ಕೆಲವರು ನಗ್ತಾರೆ. ಯಾಕೆ ಅಂತ ನಮಗೆ ಗೊತ್ತು. ನಮ್ಮೂರುಗಳಲ್ಲಿ ಮೂರು ಗಾಲಿ ಅಂದ್ರೆ ಒಂದೋ ಪುಟ್ಟ ಮಕ್ಕಳದ್ದು, ಇಲ್ಲಾ ಸರ್ಕಾರ ವಿಕಲಚೇತನರಿಗೆ ವೇದಿಕೆ ಮೇಲೆ ಹಂಚುವ ಕೈಪೆಡಲಿನ ಗಾಡಿ. ಅದರಲ್ಲಿ ಕಾಣಿಸಿಕೊಳ್ಳೋದಕ್ಕೆ ನಾಚಿಕೆ. ಆದರೆ ದಿನಕ್ಕೆ ಹತ್ತು ಗಂಟೆ ಲ್ಯಾಪ್‌ಟಾಪಿಗೆ ಬಾಗಿ ಕೂತ ಕತ್ತು, ಆಮೇಲೆ ಡ್ರಾಪ್ ಬಾರ್ ಮೇಲೆ ಬಾಗಿ ತಲೆ ಎತ್ತಿ ನೋಡುವಾಗ ಏನು ಹೇಳುತ್ತೆ ಅಂತ ನಮ್ಮ ರೋಡ್ ಬೈಕ್ ಗೆಳೆಯರೇ ಬಲ್ಲರು. ಅಂಗೈ ಜೋಮು, ಸ್ಯಾಡಲ್ ನೋವು, ಇವನ್ನೆಲ್ಲ ಅವರು ಪದಕದಂತೆ ಹೇಳಿಕೊಳ್ತಾರೆ. ಒರಗುಗಾಡಿಯಲ್ಲಿ ಅವು ಇಲ್ಲ. ಬೆನ್ನು ಬೆವರುತ್ತೆ, ಮಧ್ಯಾಹ್ನದ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತೆ, ಅಷ್ಟೇ.

ನಾವು ಕೇಳ್ತಿರೋದು ದೊಡ್ಡದೇನಲ್ಲ. ಶೆಡ್ಡಿನ ಮೂಲೆಯಲ್ಲಿ ಎರಡೂವರೆ ಮೀಟರ್ ಜಾಗ. ಸಾಮಾನ್ಯ ಸೈಕಲ್ಲಿನ ಸುಮಾರು ಮೂರು ಚೈನು ಜೋಡಿಸಿದಷ್ಟು ಉದ್ದದ ಹೊಸ ಚೈನು, ಯಾಕಂದ್ರೆ ಈಗಿನದು ಎಳೆದುಕೊಂಡಿದೆ. ಮುಂದಿನ ಗಾಲಿಗೆ ಮಡ್‌ಗಾರ್ಡ್, ಮಳೆಗಾಲ ಬರುತ್ತೆ. ಲೈಬ್ರರಿ ಕೌಂಟರಿನಲ್ಲಿ ಒಂದು ಕೀ, ಹೆಸರು ಬರೆಯೋಕೆ ಒಂದು ಪುಸ್ತಕ. ಗೇಟಿನಾಚೆ ಮೇನ್ ರೋಡಿಗೆ ನಾವು ಒಯ್ಯೋದಿಲ್ಲ, ಕ್ಯಾಂಪಸ್ ಒಳಗಿನ ರಿಂಗ್ ರಸ್ತೆ ಸಾಕು. ರೋಡ್ ಬೈಕ್ ಬೇಕು ಅನ್ನುವವರ ಅರ್ಜಿಗೂ ನಾವು ಸಹಿ ಹಾಕ್ತೀವಿ, ಈ ಗಾಡಿಯನ್ನು ಮಾರಿದ ದುಡ್ಡಿನಿಂದ ಅದು ಬರಬಾರದು ಅಷ್ಟೇ. ಮುಂದಿನ ಸೋಮವಾರ ಸಂಜೆ ಐದಕ್ಕೆ ಗಾಡಿ ವರ್ಕ್‌ಶಾಪ್ ಮುಂದೆ ಇರುತ್ತೆ, ಗುಜರಿ ಅನ್ನುವವರು ಮೊದಲು ಒಂದು ಸುತ್ತು ಹೋಗಿ ಬನ್ನಿ. ಅಷ್ಟರೊಳಗೆ ಸಿವಿಲ್ ಬ್ಲಾಕ್ ಮುಂದಿನ ಆ ಗುಂಡಿಯನ್ನು ಸಿವಿಲ್‌ನವರೇ ಮುಚ್ಚಿದರೆ ನಮ್ಮ ಹಿಂದಿನ ಗಾಲಿ ಬದುಕಿಕೊಳ್ಳುತ್ತೆ.