ಏನೈತೆ ಬಿಡು ನಮ್ಮೂರಲ್ಲಿ!

ಮೊನ್ನೆ ಪೆರು ದೇಶ ಸುತ್ತಿ ಬಂದ ಸಹೋದ್ಯೋಗಿ ಊಟದ ಹೊತ್ತಲ್ಲಿ ಫೋಟೋ ತೋರಿಸ್ತಿದ್ದ. ಮಾಚು ಪಿಚ್ಚು, ಕುಸ್ಕೋ, ಟಿಟಿಕಾಕಾ ಸರೋವರ... ಬಾಯಿಬಿಟ್ಕೊಂಡು ನೋಡಿದೆ. ಕೊನೆಗೆ "ನಿಮ್ಮ ಕೆ.ಆರ್.ಪೇಟೆ ಕಡೆ ನೋಡೋಕೆ ಏನಿದೆ?" ಅಂದ. "ಏನೈತೆ ಬಿಡು, ಕಬ್ಬಿನ ಗದ್ದೆ" ಅಂದುಬಿಟ್ಟೆ.

ಆ ಉತ್ತರ ಇನ್ನೂ ಚುಚ್ತಾ ಇದೆ. ಮಾಚು ಪಿಚ್ಚು ಕಟ್ಟಿದ್ದು 15ನೇ ಶತಮಾನದಲ್ಲಿ. ಪೇಟೆ ಪಕ್ಕದಲ್ಲೇ ಇರೋ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಸ್ಥಾನ 13ನೇ ಶತಮಾನದ್ದು. ಗೋಡೆಯ ಬುಡದಲ್ಲಿ ಆನೆ, ಕುದುರೆ, ಹಂಸಗಳ ಸಾಲು; ನಡುವೆ ರಾಮಾಯಣ, ಮಹಾಭಾರತದ ಕತೆ. ಹೈಸ್ಕೂಲಿನಲ್ಲಿದ್ದಾಗ ಅದೇ ಜಗತಿ ಮೇಲೆ ಕೂತು ಹುಣಸೆಹಣ್ಣು ಚೀಪಿದವನು ನಾನು, ಒಂದು ದಿನವೂ ಗೋಡೆ ಕಡೆ ತಿರುಗಿರಲಿಲ್ಲ!

ಕಿಕ್ಕೇರಿಯ ಬ್ರಹ್ಮೇಶ್ವರ ಗುಡಿ 1171ರದ್ದು. ಗೋವಿಂದನಹಳ್ಳಿಯಲ್ಲಿ ಐದು ಗರ್ಭಗುಡಿಗಳು ಒಂದೇ ಸಾಲಲ್ಲಿ. ನಾಗಮಂಗಲದ ಸೌಮ್ಯಕೇಶವ, ಅದೇ ತಾಲೂಕಿನ ಕಂಬದಹಳ್ಳಿಯ ಜೈನ ಬಸದಿ, ಪಾಂಡವಪುರದ ಹತ್ತಿರ ರಾಮಾನುಜರ ನೆನಪಿನ ತೊಣ್ಣೂರು ಕೆರೆ... ಶ್ರೀರಂಗಪಟ್ಟಣ ನೋಡಿದ ಟೂರಿಸ್ಟ್ ಬಸ್ಸುಗಳು ಸೀದಾ ಮೈಸೂರಿಗೆ ಹೋಗ್ತವೆ, ಇತ್ತ ತಿರುಗೋದು ಅಪರೂಪ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿ ಸೇರಿದವು. ಖುಷಿಯೇ. ಆದರೆ ಪಟ್ಟಿಯಲ್ಲಿಲ್ಲ ಅಂತ ಹೊಸಹೊಳಲು ಚಿಕ್ಕದಾಗಲ್ಲ. ಸರ್ಕಾರ ಏನೂ ಮಾಡಲ್ಲ ಅಂತ ಬೈಯೋದು ಸುಲಭ. ನನ್ನ ಪ್ರಕಾರ ತಪ್ಪು ಮೊದಲು ನಮ್ಮದು. ಊರವನೇ "ಏನೈತೆ ಬಿಡು" ಅಂದರೆ ಹೊರಗಿನವನು ಯಾಕಾದರೂ ಬಂದಾನು?

ಬರೋ ಶನಿವಾರ ಅದೇ ಗೆಳೆಯನನ್ನ ಕರ್ಕೊಂಡು ಹೊರಟಿದ್ದೀನಿ. ನೀವೂ ನಿಮ್ಮೂರಿನ ಒಂದು ಗುಡಿ ಬಗ್ಗೆ ಬರೀರಿ, ಓದೋಕೆ ನಾನಿದ್ದೀನಿ :-)